ಲೀಸೆ ಮೈಟ್ನರ್

ಲೀಸೆ ಮೈಟ್ನರ್ 1878ರಲ್ಲಿ ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ವಕೀಲರು. ಆ ಕಾಲದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಶಾಲಾಶಿಕ್ಷಣ ಹದಿನಾಲ್ಕನೆಯ ವಯಸ್ಸಿಗೇ ಮುಗಿಯುತ್ತಿತ್ತು. ವಿಶ್ವವಿದ್ಯಾನಿಲಯದ ಬಾಗಿಲು ಸ್ತ್ರೀಯರಿಗೆ ತೆರೆದದ್ದು 1897ರಲ್ಲಿ. ಮೈಟ್ನರ್ ಖಾಸಗಿಯಾಗಿ ವ್ಯಾಸಂಗ ಮಾಡಿ 1901ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ನರ ಉಪನ್ಯಾಸಗಳು ಅವರಲ್ಲಿ ಭೌತವಿಜ್ಞಾನದ ಬಗ್ಗೆ ಅಚಲವಾದ ಅನುರಾಗವನ್ನು ಮೂಡಿಸಿದವು. 1906ರಲ್ಲಿ ಅವರು ಡಾಕ್ಟರೇಟ್ ಪದವಿಯನ್ನು ಪಡೆದರು.

ಮರುವರ್ಷ ಮೈಟ್ನರ್ ಬರ್ಲಿನ್ನಿಗೆ ತೆರಳಿ, ರಸಾಯನವಿಜ್ಞಾನಿ ಆಟೊ ಹಾನ್ ಅವರೊಡನೆ ಸಂಶೋಧನೆಯನ್ನು ಆರಂಭಿಸಿದರು. ಅಲ್ಲಿನ ರಸಾಯನ ಸಂಸ್ಥೆಯ ಮೇಲಂತಸ್ತಿನ ಪ್ರಯೋಗಶಾಲೆಗಳಿಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿದ್ದ ಬಡಗಿಯ ಕೋಣೆಯೇ ಅವರ ಪ್ರಯೋಗಶಾಲೆಯಾಯಿತು. ವೇತನವೂ ಇರಲಿಲ್ಲ. ಆದರೂ ಅವರ ಕಾರ್ಯ ಕುಂಠಿತವಾಗಲಿಲ್ಲ. ಮುಂದೆ ಕೈಸರ್ ವಿಲ್ಹೆಲ್ಮ್ ಸಂಸ್ಥೆಯಲ್ಲಿ ನೆಲೆಗೊಂಡ ಅವರು ಹಾನ್ ಅವರೊಂದಿಗೆ 1918ರಲ್ಲಿ ಪ್ರೊಟ್ಯಾಕ್ಟಿನಿಯಂ ಧಾತುವಿನ ಶೋಧವನ್ನು ಪ್ರಕಟಿಸಿದರು.

ವಿಕಿರಣಪಟು ವಸ್ತುಗಳು ಹೊರಸೂಸುವ ಬೀಟಾ ಕಿರಣಗಳೆಂದರೆ ವೇಗವಾಗಿ ಧಾವಿಸುವ ಎಲೆಕ್ಟ್ರಾನುಗಳು. ಮೈಟ್ನರ್ ಮತ್ತು ಸಂಗಡಿಗರು ಅವುಗಳನ್ನು ಕಾಂತಕ್ಷೇತ್ರದಲ್ಲಿ ಬಾಗಿಸಿ ಛಾಯಾಫಲಕದ ಮೇಲೆ ಬೀಳುವಂತೆ ಮಾಡಿದರು. ವೇಗ ಕಡಿಮೆಯಿದ್ದ ಎಲೆಕ್ಟ್ರಾನು ಹೆಚ್ಚು ಬಾಗುತ್ತದೆ. ಹೀಗೆ ಬಾಗಿದ ಪ್ರಮಾಣದಿಂದ ಅದರ ಶಕ್ತಿಯನ್ನು ಅಳೆಯಬಹುದು. ಫಲಕದ ಮೇಲೆ ಸ್ಪಷ್ಟವಾದ ಗೆರೆಗಳು ಕಂಡುಬಂದವು. ಪ್ರತಿಯೊಂದು ಧಾತುವಿನ ಬೀಟಾ ಎಲೆಕ್ಟ್ರಾನುಗಳೆಲ್ಲಕ್ಕೂ ಒಂದೇ ನಿಯತ ಶಕ್ತಿಯಿರಬೇಕೆಂದು ಮೈಟ್ನರ್ ನಂಬಿದ್ದರು. ಆದರೆ 1914ರಲ್ಲಿ ಜೇಮ್ಸ್ ಚ್ಯಾಡ್‌ವಿಕ್ ಅವುಗಳ ಶಕ್ತಿ ಅವಿಚ್ಛಿನ್ನವಾಗಿ ಹರಡಿರುತ್ತದೆಂದೂ, ಗೆರೆಗಳು ಅದರ ಒಂದು ಅಲ್ಪಭಾಗ ಮಾತ್ರವೆಂದೂ ತೋರಿಸಿದರು.

ಹಾಗಾದರೆ ಆ ಗೆರೆಗಳು ಯಾವುವು? ಕೇಂಬ್ರಿಜ್‌ನ ಚಾರ್ಲ್ಸ್ ಎಲ್ಲಿಸ್ 1921ರ ಸುಮಾರಿಗೆ ಇದಕ್ಕೆ ಉತ್ತರವನ್ನು ಕಂಡುಕೊಂಡರು. ಉದ್ರೇಕಗೊಂಡ ಪರಮಾಣುಬೀಜವು ತನ್ನ ಹೆಚ್ಚುವರಿ ಶಕ್ತಿಯನ್ನು ಗ್ಯಾಮಾ ಕಿರಣವಾಗಿ ಹೊರಸೂಸಬಹುದು. ಇಲ್ಲವೇ ಅದೇ ಶಕ್ತಿಯು ಪರಮಾಣುವಿನ ಕವಚದಲ್ಲಿರುವ ಎಲೆಕ್ಟ್ರಾನೊಂದನ್ನು ಹೊರದೂಡಬಹುದು. ಈ ಎರಡನೆಯ ಕ್ರಿಯೆಗೆ ಆಂತರಿಕ ಪರಿವರ್ತನೆ ಎಂದು ಹೆಸರು. ಹೊರಬಿದ್ದ ಎಲೆಕ್ಟ್ರಾನಿನ ಶಕ್ತಿಯು ಬೀಜದ ಶಕ್ತಿಯಲ್ಲಿ ಎಲೆಕ್ಟ್ರಾನಿನ ಬಂಧನಶಕ್ತಿಯನ್ನು ಕಳೆದಷ್ಟಿರುತ್ತದೆ. ಉದಾಹರಣೆಗೆ ಸೀಸಿಯಂ-137 ಬೇರಿಯಂ ಆಗಿ ಮಾರ್ಪಟ್ಟಾಗ ಬೀಜದ ಹೆಚ್ಚುವರಿ ಶಕ್ತಿ 661.7 ಕಿಲೋ ಎಲೆಕ್ಟ್ರಾನ್ ವೋಲ್ಟ್. ಬೇರಿಯಂನ ಅತ್ಯಂತ ಒಳಕವಚದ ಬಂಧನಶಕ್ತಿ 37.4. ಆದ್ದರಿಂದ ಸುಮಾರು 624ರ ಬಳಿ ಗೆರೆ ಕಾಣುತ್ತದೆ. ಎಲೆಕ್ಟ್ರಾನು ಸೀಸಿಯಂ ಪರಮಾಣುವಿನಿಂದ ಹೊರಟಿದ್ದರೆ ಗೆರೆ ಸುಮಾರು 626ರಲ್ಲಿ ಇರಬೇಕಾಗಿತ್ತು.

ಈ ಸೂಕ್ಷ್ಮ ವ್ಯತ್ಯಾಸವನ್ನೇ ಮೈಟ್ನರ್ ಸಾಕ್ಷಿಯಾಗಿ ಬಳಸಿಕೊಂಡರು. ಗ್ಯಾಮಾ ಕಿರಣವು ವಿಘಟನೆಗೆ ಮೊದಲೇ ಹೊಮ್ಮುವುದೆಂದು ಎಲ್ಲಿಸ್ ಭಾವಿಸಿದ್ದರು. ಮೈಟ್ನರ್ 1925ರಲ್ಲಿ ಆಕ್ಟಿನಿಯಂ ಸರಣಿಯ ಗೆರೆಗಳನ್ನು ಅಳೆದು, ಅವು ಹೊಸದಾಗಿ ಹುಟ್ಟಿದ ಪರಮಾಣುವಿನ ಬಂಧನಶಕ್ತಿಗೆ ಹೊಂದುತ್ತವೆಂದೂ, ಆದ್ದರಿಂದ ಗ್ಯಾಮಾ ಕಿರಣವು ವಿಘಟನೆಯ ಅನಂತರವೇ ಬರುತ್ತದೆಂದೂ ಸಿದ್ಧಪಡಿಸಿದರು. ಈ ವಾದದಲ್ಲಿ ಜಯ ಅವರದಾಯಿತು.

ಇನ್ನೊಂದು ವಾದದಲ್ಲಿ ಹಾಗಾಗಲಿಲ್ಲ. 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ರೇಡಿಯಂ-ಇ ಎಂಬ ವಸ್ತುವಿನ ಬೀಟಾ ಕಿರಣಗಳ ಶಾಖವನ್ನು ಅಳೆದರು. ಎಲ್ಲ ಎಲೆಕ್ಟ್ರಾನುಗಳೂ ಸಮಶಕ್ತಿಯಿಂದ ಹೊರಡುವುದಾದರೆ ಪ್ರತಿ ವಿಘಟನೆಗೆ ಸುಮಾರು 10.5 ಲಕ್ಷ ಎಲೆಕ್ಟ್ರಾನ್ ವೋಲ್ಟ್ ದೊರೆಯಬೇಕಿತ್ತು. ದೊರೆತದ್ದು ಸುಮಾರು 3.5 ಲಕ್ಷ ಮಾತ್ರ. ಇದು ಮೈಟ್ನರರ ಬಹುಕಾಲದ ನಂಬಿಕೆಗೆ ಬಿದ್ದ ಪೆಟ್ಟು. ಅವರು ಕುಪಿತರಾಗಲಿಲ್ಲ, ಆರ್ಥ್‌ಮನ್ ಅವರೊಡನೆ ಅದೇ ಪ್ರಯೋಗವನ್ನು ಇನ್ನೂ ಕರಾರುವಾಕ್ಕಾಗಿ ನಡೆಸಿದರು. ಪ್ರತಿವಾದಿಯ ಫಲಿತಾಂಶವೇ ಸರಿಯೆಂದು ತಿಳಿದಾಗ 1930ರಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಕಾಣೆಯಾದ ಶಕ್ತಿಯನ್ನು ಹೊತ್ತೊಯ್ಯುವ ಗ್ಯಾಮಾ ಕಿರಣವೂ ಇಲ್ಲವೆಂದು ತೋರಿಸಿದರು. ಅದೇ ವರ್ಷ ವುಲ್ಫ್‌ಗಾಂಗ್ ಪೌಲಿ, ಕಣ್ಣಿಗೆ ಬೀಳದ ಹೊಸ ಕಣವೊಂದು ಆ ಶಕ್ತಿಯನ್ನು ಒಯ್ಯುತ್ತದೆಂದು ಊಹಿಸಿದರು. ನ್ಯೂಟ್ರಿನೊ ಎಂಬ ಆ ಕಣ 1956ರಲ್ಲಿ ಪತ್ತೆಯಾಯಿತು.

1933ರಲ್ಲಿ ನಾಜಿ ಆಡಳಿತವು ಮೈಟ್ನರರ ಬೋಧನಾಧಿಕಾರವನ್ನು ಕಸಿದುಕೊಂಡಿತು. 1938ರ ಜುಲೈಯಲ್ಲಿ ಅವರು ಗುಟ್ಟಾಗಿ ಗಡಿ ದಾಟಿ, ಸ್ವೀಡನ್ನಿನಲ್ಲಿ ಆಶ್ರಯ ಪಡೆದರು. ಯುರೇನಿಯಂನಿಂದ ಬೇರಿಯಂ ದೊರೆತ ಆಶ್ಚರ್ಯವನ್ನು ಹಾನ್ ಪತ್ರಮುಖೇನ ಅವರಿಗೆ ತಿಳಿಸಿದರು. ಮೈಟ್ನರ್ ಮತ್ತು ಸೋದರಿಯ ಮಗ ಆಟೊ ಫ್ರಿಶ್ ಅದನ್ನು ಪರಮಾಣುಬೀಜದ ವಿದಳನವೆಂದು ವಿವರಿಸಿ, ಬಿಡುಗಡೆಯಾಗುವ ಶಕ್ತಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಎಂದು ಗಣಿಸಿದರು. ಆದರೆ 1944ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಹಾನ್ ಒಬ್ಬರಿಗೇ ಸಂದಿತು. ಪರಮಾಣು ಬಾಂಬಿನ ನಿರ್ಮಾಣಕ್ಕೆ ಕರೆ ಬಂದಾಗ ಮೈಟ್ನರ್ ಅದನ್ನು ನಿರಾಕರಿಸಿದರು.

1968ರಲ್ಲಿ ಅವರು ಕೇಂಬ್ರಿಜ್‌ನಲ್ಲಿ ನಿಧನರಾದರು. 109ನೆಯ ಧಾತುವಿಗೆ 1997ರಲ್ಲಿ ಮೈಟ್ನೇರಿಯಂ ಎಂದು ಹೆಸರಿಡಲಾಯಿತು. ಗ್ಯಾಮಾ ಕಿರಣಗಳಿಗೆ ಪ್ರತಿಯಾಗಿ ಎಷ್ಟು ಎಲೆಕ್ಟ್ರಾನುಗಳು ಹೊರಬರುತ್ತವೆಂಬುದನ್ನು ವಿಜ್ಞಾನಿಗಳು ಇಂದಿಗೂ ಅಳೆಯುತ್ತಾರೆ. ಸೀಸಿಯಂ-137ರಲ್ಲಿ ನೂರಕ್ಕೆ ಸುಮಾರು 11. ಈ ಅಳತೆಯನ್ನು ಸಿದ್ಧಾಂತದ ಲೆಕ್ಕದೊಡನೆ ಹೋಲಿಸಿ ಪರಮಾಣುಬೀಜದ ಒಳರಚನೆಯನ್ನು ಅರಿಯುತ್ತಾರೆ. ಗೆದ್ದ ವಾದದಲ್ಲಿಯೂ ಸೋತ ವಾದದಲ್ಲಿಯೂ ಅಳತೆಗೆ ಸಮನಾಗಿ ತಲೆಬಾಗಿದ ಮೈಟ್ನರರ ಬಾಳು ವಿಜ್ಞಾನದ ಹಾದಿಯಲ್ಲಿ ನಡೆಯುವವರಿಗೆ ದಾರಿದೀಪವಾಗಿದೆ.