ನಲವತ್ತು ಡಾಲರಿನ ಎದುರು ಗ್ಯಾರಿ ಕಿಲ್ಡಾಲ್

8086 ಲ್ಯಾಬ್ ಮುಗಿಸಿದ ಸೀನಿಯರ್ಸ್ ಯಾರಾದ್ರೂ ಸಿಕ್ಕರೆ ಒಂದು ಪ್ರಶ್ನೆ ಕೇಳಿ ನೋಡಿ. ಸ್ಕ್ರೀನ್ ಮೇಲೆ ಒಂದು ಸ್ಟ್ರಿಂಗ್ ಪ್ರಿಂಟ್ ಮಾಡೋಕೆ ಎಎಚ್ ರಿಜಿಸ್ಟರ್‌ಗೆ 9 ಹಾಕಿ ಇಂಟ್ 21 ಎಚ್ ಕರೀಬೇಕು. ಸ್ಟ್ರಿಂಗ್ ಕೊನೆಗೆ ಡಾಲರ್ ಚಿಹ್ನೆ ಇರಲೇಬೇಕು, ಇಲ್ಲದಿದ್ರೆ ಸ್ಕ್ರೀನ್ ತುಂಬಾ ಕಸ. ಯಾಕೆ 9? ಯಾಕೆ ಡಾಲರ್? ಮ್ಯಾನ್ಯುಯಲ್‌ನಲ್ಲಿ ಹಾಗೇ ಇದೆ ಅನ್ನೋದೇ ಸಾಮಾನ್ಯವಾಗಿ ಸಿಗೋ ಉತ್ತರ. ನಿಜ ಹೇಳ್ಬೇಕಂದ್ರೆ ಆ 9 ಆಗಲಿ ಆ ಡಾಲರ್ ಆಗಲಿ ಡಾಸ್‌ನ ಸ್ವಂತದ್ದಲ್ಲ. ಅದಕ್ಕೂ ಮುಂಚೆ ಇದ್ದ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲೂ ಸ್ಟ್ರಿಂಗ್ ಪ್ರಿಂಟ್ ಮಾಡೋ ಫಂಕ್ಷನ್ ನಂಬರ್ 9, ಅಲ್ಲೂ ಕೊನೆಗೆ ಡಾಲರ್. ಅದನ್ನು ಬರೆದವರು ಗ್ಯಾರಿ ಕಿಲ್ಡಾಲ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದ ಮೇಲೆ ನಮ್ಮಲ್ಲಿ ಅರ್ಧ ಜನರ ಮನೆ ಕಂಪ್ಯೂಟರ್‌ಗೆ ಒಂದೇ ತಲೆನೋವು. ಹನ್ನೊಂದಕ್ಕೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ಹಳೇದರಲ್ಲೇ ಇರೋದಾ, ಲಿನಕ್ಸ್ ಹಾಕೋದಾ, ಹೊಸ ಯಂತ್ರವನ್ನೇ ತಗೊಳ್ಳೋದಾ? ಇದೇ ಥರದ ಪ್ರಶ್ನೆಗೆ ನಲವತ್ತು ವರ್ಷಕ್ಕೂ ಹಿಂದೆ ಅಮೆರಿಕದ ಮನೆ ಮನೆಯಲ್ಲೂ ಉತ್ತರ ಹುಡುಕ್ತಿದ್ರು. ಆ ಉತ್ತರದಿಂದ ಹೆಚ್ಚು ಕಳ್ಕೊಂಡವರು ಕಿಲ್ಡಾಲ್. ಹಾಗಾಗಿ ಈ ಸಲ ಅವರ ಕಥೆ ಬರೆಯೋಣ ಅಂದ್ಕೊಂಡ್ವಿ.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಸಿಯಾಟಲ್‌ನಲ್ಲಿ. ಮನೆಯವರು ಹಡಗು ನಡೆಸೋದನ್ನು ಕಲಿಸೋ ಶಾಲೆ ಇಟ್ಟಿದ್ದರು. ಹುಡುಗ ಗಣಿತದ ಮೇಷ್ಟ್ರು ಆಗಬೇಕು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿ ಅಲ್ಲಿ ಕಂಪ್ಯೂಟರ್ ಹುಚ್ಚು ಹಿಡಿಸಿಕೊಂಡರು. ನೌಕಾಪಡೆಯ ಸೇವೆ ಕಡ್ಡಾಯ ಆದಾಗ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರೋ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್‌ನಲ್ಲಿ ಪಾಠ ಮಾಡೋ ಕೆಲಸ ಸಿಕ್ಕಿತು. 1972ರಲ್ಲಿ ಪಿಎಚ್‌ಡಿ ಮುಗೀತು.

ಅಷ್ಟರಲ್ಲಿ ಇಂಟೆಲ್ 4004 ಚಿಪ್ ಬಂದಿತ್ತು. ಟ್ರಾಫಿಕ್ ಸಿಗ್ನಲ್‌ಗೋ ಕ್ಯಾಲ್ಕುಲೇಟರ್‌ಗೋ ಆಗುತ್ತೆ ಅಂತ ಜನ ಅಂದ್ಕೊಂಡಿದ್ದ ಚಿಪ್‌ನಲ್ಲಿ ಕಿಲ್ಡಾಲ್‌ಗೆ ಪೂರ್ತಿ ಕಂಪ್ಯೂಟರ್ ಕಾಣಿಸಿತು. ಪಾಠದ ಜೊತೆಗೆ ಇಂಟೆಲ್‌ಗೆ ಸಲಹೆಗಾರರಾಗಿ ಹೋಗಿ ಪಿಎಲ್/ಎಂ ಅನ್ನೋ ಭಾಷೆ ಮಾಡಿಕೊಟ್ಟರು. ಆದ್ರೆ ಆ ಭಾಷೆ ಓಡ್ತಾ ಇದ್ದದ್ದು ದೊಡ್ಡ ಕಂಪ್ಯೂಟರಿನ ಮೇಲೆ. ತನ್ನ ಮೇಜಿನ ಮೇಲಿನ ಪುಟ್ಟ ಯಂತ್ರದಲ್ಲೇ ಪ್ರೋಗ್ರಾಂ ಬರೆದು ಉಳಿಸಿಕೊಳ್ಳಬೇಕು ಅನ್ನೋದು ಅವರ ಆಸೆ. ಶುಗಾರ್ಟ್ ಕಂಪನಿಯ 8 ಇಂಚಿನ ಫ್ಲಾಪಿ ಡ್ರೈವ್ ಇತ್ತು, ಅದನ್ನು ಚಿಪ್‌ಗೆ ಸೇರಿಸೋ ಕಂಟ್ರೋಲರ್ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಅದನ್ನು ಕಟ್ಟಿಕೊಟ್ಟರು. 1974ರಲ್ಲಿ ಡಿಸ್ಕ್‌ನಿಂದ ಸಿಪಿ/ಎಂ ಎದ್ದು ನಿಂತಿತು. ಇಂಟೆಲ್‌ಗೆ ಅದು ಬೇಕಾಗಲಿಲ್ಲ. ಪಿಎಲ್/ಎಂ ಸಾಕು ಅಂದ್ಕೊಂಡರು.

ಗಂಡ ಹೆಂಡತಿ ಸೇರಿ ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್ ಅಂತ ಕಂಪನಿ ತೆಗೆದರು. (ಇಂಥ ಹೆಸರು ನಮ್ಮ ಟೆಕ್ ಫೆಸ್ಟ್ ಟೀಮ್‌ಗಳಿಗೆ ಮಾತ್ರ ಹೊಳೆಯೋದು ಅಂದ್ಕೊಂಡಿದ್ವಿ.) ಆಮೇಲೆ ಇಂಟರ್‌ಗ್ಯಾಲಾಕ್ಟಿಕ್ ಬಿದ್ದುಹೋಯ್ತು. ಗ್ಯಾರಿ ಕೋಡ್ ನೋಡ್ಕೊಂಡ್ರೆ ವ್ಯವಹಾರ ಪತ್ನಿ ಡೊರೊಥಿ ಮೆಕ್‌ಯೂವನ್ ಅವರದು.

ಇಲ್ಲಿ ಒಂದು ಎಂಜಿನಿಯರಿಂಗ್ ವಿಷಯ ಸ್ವಲ್ಪ ನಿಂತು ನೋಡಬೇಕು. ಆಗ ಒಬ್ಬೊಬ್ಬ ಕಂಪನಿಯ ಯಂತ್ರ ಒಂದೊಂದು ಥರ. ಪ್ರತಿ ಯಂತ್ರಕ್ಕೂ ಓಎಸ್ ಪೂರ್ತಿ ತಿದ್ದಿ ಬರೆಯೋದು ಯಾರಿಗೆ ಬೇಕು? ಕಿಲ್ಡಾಲ್ ಏನು ಮಾಡಿದ್ರು ಅಂದ್ರೆ, ಕೀಬೋರ್ಡ್, ಡಿಸ್ಕ್, ಪ್ರಿಂಟರ್ ಜೊತೆ ನೇರ ಮಾತಾಡೋ ಭಾಗವನ್ನೆಲ್ಲ ಒಂದು ಪುಟ್ಟ ಗಂಟಾಗಿ ಬೇರೆ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಬಯಾಸ್. ಹೌದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 ಒತ್ತಿ ಹೋಗ್ತೀವಲ್ಲ, ಆ ಹೆಸರೇ. ಹೊಸ ಯಂತ್ರ ಮಾಡಿದವರು ಆ ಗಂಟನ್ನು ಮಾತ್ರ ಬರೆದುಕೊಂಡರೆ ಸಾಕು, ಉಳಿದದ್ದು ಹಾಗೇ ಓಡುತ್ತೆ. ವರ್ಡ್‌ಸ್ಟಾರ್, ಡಿಬೇಸ್ 2 ಎಲ್ಲಾ ಇದರ ಮೇಲೆ ಬೆಳೆದವು. ಆಪಲ್ 2ರಲ್ಲಿ ಸಿಪಿ/ಎಂ ಓಡಿಸೋಕೆ 1980ರಲ್ಲಿ ಒಂದು ಕಾರ್ಡ್ ಮಾರಿದ್ದು ಯಾರು ಗೊತ್ತಾ? ಮೈಕ್ರೋಸಾಫ್ಟ್!

ಅದೇ ವರ್ಷ ಐಬಿಎಂ ಬಂತು. ಅವತ್ತು ಕಿಲ್ಡಾಲ್ ವಿಮಾನ ಹಾರಿಸೋಕೆ ಹೋಗಿ ಕೋಟಿಗಟ್ಟಲೆ ಕಳ್ಕೊಂಡರು ಅನ್ನೋ ಕಥೆ ಯೂಟ್ಯೂಬ್‌ನಲ್ಲಿ ನೀವೂ ಕೇಳಿರ್ತೀರಿ. ಅವರು ಸ್ವಂತ ವಿಮಾನ ಹಾರಿಸ್ತಿದ್ದದ್ದು ನಿಜ. ಆದ್ರೆ ಅವತ್ತು ಹೋಗಿದ್ದು ಕೆಲಸದ ಮೇಲೆ, ಒಬ್ಬ ಗ್ರಾಹಕರನ್ನು ನೋಡೋಕೆ. ವ್ಯವಹಾರ ಯಾವಾಗಲೂ ಡೊರೊಥಿ ಅವರದೇ ಆಗಿತ್ತು. ಐಬಿಎಂ ಮುಂದಿಟ್ಟ ಗುಟ್ಟಿನ ಕರಾರಿಗೆ ಅವರು ಸಹಿ ಹಾಕಲಿಲ್ಲ. ಸಂಜೆ ಏನಾಯ್ತು ಅನ್ನೋದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ಒಂದು ಮಧ್ಯಾಹ್ನಕ್ಕೆ ಇಡೀ ಬದುಕನ್ನು ಕಟ್ಟಿಹಾಕೋ ಈ ಕಥೆ ನಮಗೇನೋ ಒಪ್ಪಿಗೆ ಆಗಲ್ಲ. ಇದಕ್ಕಿಂತ ದೊಡ್ಡದು ಆಮೇಲೆ ಆಯ್ತು.

ಮೈಕ್ರೋಸಾಫ್ಟ್, ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ ಟಿಮ್ ಪ್ಯಾಟರ್ಸನ್ ಬರೆದ ಓಎಸ್ ಕೊಂಡು ಐಬಿಎಂಗೆ ಕೊಟ್ಟಿತು. ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ತಿರುಗಿಸಿ ಬರೆಯೋ ಹಾಗಿರಲಿ ಅಂತ ಪ್ಯಾಟರ್ಸನ್ ಫಂಕ್ಷನ್ ನಂಬರ್‌ಗಳನ್ನು ಸಿಪಿ/ಎಂ ಥರಾನೇ ಇಟ್ಟಿದ್ದರು. ಕಿಲ್ಡಾಲ್ ಅದನ್ನು ನೋಡಿ ತಕರಾರು ಎತ್ತಿದರು. ಆದ್ರೆ ಸಾಫ್ಟ್‌ವೇರ್ ಕಾಪಿರೈಟ್ ಆಗ ಇನ್ನೂ ಎಳೆಯ ಕಾನೂನು, ಫಂಕ್ಷನ್‌ಗಳ ಸಾಲು ಯಾರ ಸ್ವತ್ತು ಅಂತ ಸ್ಪಷ್ಟ ಇರಲಿಲ್ಲ. ಕೊನೆಗೆ ಐಬಿಎಂ ಸಿಪಿ/ಎಂ-86 ಅನ್ನೂ ಮಾರ್ತೀವಿ ಅಂತು, ಕಿಲ್ಡಾಲ್ ಕೇಸ್ ಬಿಟ್ಟರು. ಜನ ಒಳ್ಳೇದನ್ನೇ ಆರಿಸ್ತಾರೆ ಅನ್ನೋ ನಂಬಿಕೆ.

1981ರ ಆಗಸ್ಟ್ 12ಕ್ಕೆ ಐಬಿಎಂ ಪಿಸಿ ಬಿಡುಗಡೆ ಆಯ್ತು. ಪಿಸಿ ಡಾಸ್ ಬೆಲೆ 40 ಡಾಲರ್. ಮುಂದಿನ ವರ್ಷ ಬಂದ ಸಿಪಿ/ಎಂ-86ಕ್ಕೆ ಐಬಿಎಂ ಹಾಕಿದ ಬೆಲೆ 240.

ಈಗ ಪಿಸಿ ಕೊಂಡವರ ಜಾಗದಲ್ಲಿ ನಿಂತು ಯೋಚಿಸಿ. ಸಿಪಿ/ಎಂಗೆ ರಾಶಿ ಸಾಫ್ಟ್‌ವೇರ್ ಇತ್ತಲ್ಲ, 200 ಡಾಲರ್ ಹೆಚ್ಚು ಕೊಟ್ರೂ ಪರವಾಗಿಲ್ಲ ಅನ್ನಿಸಬಹುದು. ಆದ್ರೆ ಆ ರಾಶಿಯೆಲ್ಲ 8080 ಮತ್ತು ಝಡ್80 ಚಿಪ್‌ಗಳದ್ದು. ಪಿಸಿಯ 8088ರಲ್ಲಿ ಅದು ನೇರವಾಗಿ ಓಡಲ್ಲ, ಸಿಪಿ/ಎಂ-86 ಹಾಕಿದ್ರೂ ಓಡಲ್ಲ. ಎಲ್ಲವನ್ನೂ ತಿರುಗಿಸಿ ಬರೆಯಲೇಬೇಕು. ಡಾಸ್‌ಗೆ ತಿರುಗಿಸೋದೂ ಅಷ್ಟೇ ಸುಲಭ ಅಂತ ಪ್ಯಾಟರ್ಸನ್ ಮೊದಲೇ ನೋಡ್ಕೊಂಡಿದ್ದರು. ಅಂದ್ರೆ ಹಳೇ ಹೆಸರಿಗೆ ಕೊಟ್ಟ ದುಡ್ಡಿಗೆ ಹಳೇ ಸಾಮಾನು ಬರ್ತಾ ಇರಲಿಲ್ಲ. ಮೇಲಾಗಿ ಕೆಲವು ಕಡೆ ಡಾಸ್ ಚೆನ್ನಾಗಿಯೇ ಇತ್ತು. ಸಿಪಿ/ಎಂ ಫೈಲ್ ಅಳತೆಯನ್ನು 128 ಬೈಟ್‌ಗಳ ತುಂಡಿನಲ್ಲಿ ಲೆಕ್ಕ ಇಟ್ರೆ ಡಾಸ್ ಸರಿಯಾಗಿ ಎಷ್ಟು ಬೈಟ್ ಅಂತ ಬರೆದಿಡ್ತಿತ್ತು. ನಾವಾದ್ರೂ 40 ಡಾಲರಿನ ಪೆಟ್ಟಿಗೆಯನ್ನೇ ಎತ್ಕೊಳ್ತಿದ್ವಿ, ಸುಳ್ಳು ಯಾಕೆ ಹೇಳೋದು.

ಇನ್ನೊಂದು ಗುಂಪೂ ಇತ್ತು. ಹೊಸ ಪಿಸಿ ಬೇಡ ಅಂತ ಆಸ್ಬಾರ್ನ್ 1, ಕೇಪ್ರೋ ಥರದ ಯಂತ್ರದಲ್ಲಿ ಹಳೇ 8 ಬಿಟ್ ಸಿಪಿ/ಎಂ ಜೊತೆಗೇ ಉಳಿದವರು. 1981ರಲ್ಲಿ ಆಸ್ಬಾರ್ನ್ 1ಕ್ಕೆ 1795 ಡಾಲರ್, ಅದರಲ್ಲೇ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್ ಎಲ್ಲಾ ಸೇರಿ. ಪತ್ರ ಬರೆಯೋದು, ಲೆಕ್ಕ ಇಡೋದು ಮಾತ್ರ ಕೆಲಸ ಆಗಿದ್ದವರಿಗೆ ಅದೇ ಬುದ್ಧಿವಂತಿಕೆ. ಅವರ ವರ್ಡ್‌ಸ್ಟಾರ್ ವರ್ಷಗಟ್ಟಲೆ ಕೆಲಸ ಮಾಡ್ತು. ಆದ್ರೆ 1983ರಲ್ಲಿ ಲೋಟಸ್ 1-2-3 ಬಂದದ್ದು ಪಿಸಿಗೆ, ಸಿಪಿ/ಎಂಗಲ್ಲ. ಹಳೇದು ಒಂದಿನ ದಿಢೀರ್ ಅಂತ ಕೆಡಲ್ಲ, ಹೊಸದು ಅದಕ್ಕೆ ಬರೋದು ನಿಲ್ಲುತ್ತೆ ಅಷ್ಟೇ. ವಿಂಡೋಸ್ 10ರಲ್ಲಿ ಇದರ ಜೊತೆ ಸೆಕ್ಯುರಿಟಿ ಅಪ್‌ಡೇಟ್ ಪ್ರಶ್ನೆಯೂ ಇದೆ. ಆಗಿನ ಆಸ್ಬಾರ್ನ್ ಇಂಟರ್ನೆಟ್‌ಗೆ ಸೇರ್ತಾನೇ ಇರಲಿಲ್ಲ.

1983ರಲ್ಲಿ ಸಿಪಿ/ಎಂ-86 ಬೆಲೆ 60 ಡಾಲರಿಗೆ ಇಳೀತು. ಅಷ್ಟು ಹೊತ್ತಿಗೆ ತಡ ಆಗಿತ್ತು.

ಕಿಲ್ಡಾಲ್ ಕೈಕಟ್ಟಿ ಕೂರಲಿಲ್ಲ. ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಜನರಿಗೆ ಕಂಪ್ಯೂಟರ್ ಅರ್ಥ ಮಾಡಿಸಿದರು. ಹಳೇ ಸಂಚಿಕೆಗಳಲ್ಲಿ ಕಾಣೋದು ಮೆದು ಮಾತಿನ, ಥೇಟ್ ಮೇಷ್ಟ್ರ ಥರದ ಮನುಷ್ಯ. 1985ರಲ್ಲಿ ಅವರ ಇನ್ನೊಂದು ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿ-ರಾಮ್‌ಗೆ ತಂದಿತು. 1988ರಲ್ಲಿ ಡಿಜಿಟಲ್ ರಿಸರ್ಚ್ ಡಿಆರ್ ಡಾಸ್ ಮಾಡಿತು. ಅಂದ್ರೆ ಸಿಪಿ/ಎಂ ಮಾಡಿದ ಕಂಪನಿ, ಸಿಪಿ/ಎಂ ನೋಡಿ ಮಾಡಿದ ಡಾಸ್‌ಗೆ ಹೊಂದಿಕೊಳ್ಳೋ ಓಎಸ್ ಬರೀಬೇಕಾಯ್ತು. 1991ರಲ್ಲಿ ಕಂಪನಿ ನೋವೆಲ್‌ಗೆ ಮಾರಾಟ ಆಯ್ತು. ದುಡ್ಡು ಅವರಿಗೆ ಕಮ್ಮಿ ಇರಲಿಲ್ಲ, ಆದ್ರೆ ಹೋದ ಕಡೆಯೆಲ್ಲ ಆ ವಿಮಾನದ ಕಥೆ ಹಿಂದೆ ಬರ್ತಿತ್ತು. ಅದಕ್ಕೆ ಉತ್ತರವಾಗಿ ಅವರು ತಮ್ಮ ನೆನಪುಗಳನ್ನು ಬರೆದರೂ ಪುಸ್ತಕವಾಗಿ ಅಚ್ಚು ಹಾಕಿಸಲಿಲ್ಲ.

1994ರ ಜುಲೈನಲ್ಲಿ ಮಾಂಟೆರೆಯಲ್ಲಿ ತಲೆಗೆ ಪೆಟ್ಟು ಬಿದ್ದು, ಮೂರು ದಿನದ ನಂತರ ಜುಲೈ 11ಕ್ಕೆ ತೀರಿಕೊಂಡರು. 52 ವರ್ಷ. 2014ರಲ್ಲಿ ಐಇಇಇಯವರು ಪೆಸಿಫಿಕ್ ಗ್ರೋವ್ ಊರಲ್ಲಿ ಅವರ ಹಳೇ ಆಫೀಸಿನ ಮುಂದೆ ಒಂದು ಫಲಕ ಹಾಕಿದರು. 2016ರಲ್ಲಿ ಆ ನೆನಪುಗಳ ಮೊದಲ ಭಾಗವನ್ನು ಮನೆಯವರ ಒಪ್ಪಿಗೆ ಪಡೆದು ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಆನ್‌ಲೈನ್‌ಗೆ ಹಾಕಿದೆ, ಉಚಿತವಾಗಿ ಓದಬಹುದು.

ಸಿಎಸ್ ಬ್ರಾಂಚಿನವರಿಗೆ ಇನ್ನೊಂದು ಮಾತು. ಕಂಪೈಲರ್ ವಿಷಯದಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಅಂತ ಬರುತ್ತಲ್ಲ, ಅದಕ್ಕೆ ಗಣಿತದ ಚೌಕಟ್ಟು ಕೊಟ್ಟ 1973ರ ಪೇಪರ್ ಕೂಡ ಇದೇ ಕಿಲ್ಡಾಲ್ ಅವರದು. ಸಿಪಿ/ಎಂ ಬರೆಯೋದಕ್ಕೂ ಮುಂಚೆ.