ಮಿಠಾಯಿ ಡಬ್ಬಿಯ ಮುಚ್ಚಳ ಮತ್ತು ಕೊಲಿನ್ ಚಾಪ್‌ಮನ್

ಬೇಸಿಗೆ ರಜೆಯಲ್ಲಿ ನಾನು ಹೆಚ್ಚಾಗಿ ಮಾಮುವಿನ ಗ್ಯಾರೇಜಿನಲ್ಲೇ ಇರುತ್ತೇನೆ. ಈ ಸಲ ಅಲ್ಲಿಗೆ ಒಬ್ಬ ಹುಡುಗ ತನ್ನ ಹಳೆಯ ಕಾರು ತಂದ. ಜೊತೆಗೆ ಆನ್‌ಲೈನ್‌ನಲ್ಲಿ ತರಿಸಿದ್ದ ಒಂದು ಕೆಂಪು ಸರಳು. ಅದಕ್ಕೆ ಸ್ಟ್ರಟ್ ಬಾರ್ ಎನ್ನುತ್ತಾರೆ. ಬಾನೆಟ್ ಎತ್ತಿದರೆ ಎಡಕ್ಕೊಂದು ಬಲಕ್ಕೊಂದು ಗೋಪುರದಂಥ ಜಾಗ ಕಾಣುತ್ತದಲ್ಲ, ಮುಂದಿನ ಸಸ್ಪೆನ್ಷನ್‌ನ ತುದಿ ಬಂದು ಕೂರುವುದು ಅಲ್ಲೇ. ಆ ಎರಡರ ನೆತ್ತಿಯನ್ನೂ ಈ ಸರಳು ಅಡ್ಡಲಾಗಿ ಜೋಡಿಸಿ ಹಿಡಿಯುತ್ತದೆ. ತಿರುವಿನಲ್ಲಿ ಕಾರು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಹುಡುಗನ ಆಸೆ.

ಮಾಮು ಸರಳನ್ನು ಪಕ್ಕಕ್ಕಿಟ್ಟು ಕಾರಿನ ಕೆಳಗೆ ತೂರಿದರು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದು ಸ್ಕ್ರೂಡ್ರೈವರ್ ಒಳಗೆ ಇಳಿಯುವಂತಿತ್ತು. ಮೊದಲು ಇದನ್ನು ವೆಲ್ಡ್ ಮಾಡಿಸು, ಆಮೇಲೆ ಸರಳು ಎಂದು ಹೇಳಿ ಕಳಿಸಿದರು. ನನಗೆ ವಿಚಿತ್ರ ಅನಿಸಿತು. ಕಬ್ಬಿಣದ ಕಾರಿಗೆ ಇನ್ನೊಂದು ಸರಳು ಏಕೆ ಬೇಕು? ಆ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕವರೇ ಕೊಲಿನ್ ಚಾಪ್‌ಮನ್.

ಅವರ ಕಥೆಗೆ ಮುನ್ನ ಒಂದು ಸಣ್ಣ ಪ್ರಯೋಗ. ಖಾಲಿ ಮಿಠಾಯಿ ಡಬ್ಬಿಯ ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ ನೋಡಿ. ಸುಲಭವಾಗಿ ತಿರುಚುತ್ತದೆ. ಈಗ ಮುಚ್ಚಳ ಹಾಕಿ ಸುತ್ತ ಟೇಪ್ ಅಂಟಿಸಿ ಮತ್ತೆ ತಿರುಚಿ. ಅಲುಗುವುದೇ ಇಲ್ಲ. ತೂಕ ಹೆಚ್ಚಾಗಿದ್ದು ಒಂದು ತೆಳು ರಟ್ಟಿನಷ್ಟು, ಬಿಗಿತ ಹೆಚ್ಚಾಗಿದ್ದು ಎಷ್ಟೋ ಪಟ್ಟು. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ತೊಲೆ ಬಾಗುವ ಸೂತ್ರ ಓದಿದ್ದೇವೆ: ಅಗಲ ಎರಡರಷ್ಟಾದರೆ ಬಾಗು ಅರ್ಧವಾಗುತ್ತದೆ, ಆಳ ಎರಡರಷ್ಟಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೋಹ ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದು ಮುಖ್ಯ. ಕಾರಿನ ಮೈ ತಿರುಚಿದರೆ ಅದೇ ಇನ್ನೊಂದು ಸ್ಪ್ರಿಂಗ್ ಆಗಿಬಿಡುತ್ತದೆ, ಅದೂ ಶಾಕ್ ಅಬ್ಸಾರ್ಬರ್ ಇಲ್ಲದ ಸ್ಪ್ರಿಂಗ್. ಚಕ್ರಗಳ ಕೋನ ಕೆಡುತ್ತದೆ, ಸಸ್ಪೆನ್ಷನ್ ಎಷ್ಟೇ ಒಳ್ಳೆಯದಿದ್ದರೂ ವ್ಯರ್ಥ.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಓದಿದ್ದು ಕಾರಿನ ವಿದ್ಯೆಯಲ್ಲ, ಕಟ್ಟಡ ಸೇತುವೆಗಳ ರಚನಾ ಎಂಜಿನಿಯರಿಂಗ್. ಓದಿನ ನಡುವೆ ಹಳೆಯ ಕಾರು ಕೊಂಡು ಮಾರುವ ವ್ಯಾಪಾರ. 1947ರ ಕೊನೆಗೆ ಸರ್ಕಾರ ಪೆಟ್ರೋಲ್ ರೇಷನ್ ನಿಲ್ಲಿಸಿದಾಗ ವ್ಯಾಪಾರ ಕುಸಿಯಿತು. ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಒಂದು ಆಸ್ಟಿನ್ ಸೆವೆನ್. ಪರೀಕ್ಷೆಯ ಕಥೆಯೂ ಅಷ್ಟೇ: ಅಂತಿಮ ವರ್ಷದ ಗಣಿತ ಪತ್ರಿಕೆಯಲ್ಲಿ ಫೇಲಾಗಿ, ಮತ್ತೆ ಬರೆದು, ಒಂದು ವರ್ಷ ತಡವಾಗಿ 1949ರಲ್ಲಿ ಪದವಿ ಪಡೆದರು. (ನಮ್ಮ ಬೆಂಚಿನಲ್ಲಿ ಈ ಸುದ್ದಿಗೆ ಭಾರೀ ಸ್ವಾಗತ ಸಿಕ್ಕಿತು.)

ಮಾರಾಟವಾಗದ ಆ ಕಾರನ್ನೇ ಅವರು ಬಿಚ್ಚಿದರು. ಆಸ್ಟಿನ್ ಸೆವೆನ್‌ನ ಚಾಸಿ ತೆಳ್ಳಗಿನದು, ಮುಚ್ಚಳವಿಲ್ಲದ ಡಬ್ಬಿಯ ಹಾಗೆ ತಿರುಚುವಂಥದ್ದು. ಅದರ ಮೇಲೆ ಅಲ್ಯೂಮಿನಿಯಂ ತಗಡು ಅಂಟಿಸಿದ ಪ್ಲೈವುಡ್‌ನಿಂದ, ನಡುನಡುವೆ ಅಡ್ಡಗೋಡೆ ಕೊಟ್ಟು ಹೊಸ ಮೈ ಕಟ್ಟಿದರು. ಅಲ್ಲಿಯವರೆಗೆ ಬರೀ ಹೊದಿಕೆಯಾಗಿದ್ದ ಬಾಡಿ ಈಗ ಭಾರ ಹೊರತೊಡಗಿತು. ಅದೇ ಮೊದಲ ಲೋಟಸ್ ಕಾರು. ಮುಂದೆ ರೇಸಿನಲ್ಲಿ ಅವರ ಕಾರಿನ ಓಟ ಕಂಡವರು ತಮ್ಮ ಆಸ್ಟಿನ್‌ಗಳಿಗೂ ಅಂಥ ಭಾಗಗಳು ಬೇಕೆಂದು ಬರತೊಡಗಿದರು. ಮುಂದೆ ಮಡದಿಯಾಗಲಿದ್ದ ಹೇಜಲ್ ವಿಲಿಯಮ್ಸ್ ಕೊಟ್ಟ 25 ಪೌಂಡ್ ಸಾಲದಿಂದ 1952ರ ಜನವರಿ 1ರಂದು ಲೋಟಸ್ ಎಂಜಿನಿಯರಿಂಗ್ ಶುರುವಾಯಿತು. ಅಂದರೆ ಫಾರ್ಮುಲಾ ಒನ್ ಗೆದ್ದ ಆ ಕಂಪನಿಯ ಮೊದಲ ದಿನಗಳ ಕೆಲಸ, ಒಂದು ರೀತಿಯಲ್ಲಿ, ಆ ಹುಡುಗ ತಂದ ಕೆಂಪು ಸರಳಿನ ಜಾತಿಯದೇ.

ಲೋಟಸ್ ಸಿಕ್ಸ್ ಕಾರಿಗೆ ಅವರು ಸಣ್ಣ ಕೊಳವೆಗಳನ್ನು ಸೇತುವೆಯಂತೆ ತ್ರಿಕೋನಗಳಾಗಿ ಬೆಸೆದು ಚೌಕಟ್ಟು ಮಾಡಿದರು. ಅದರ ತೂಕ ಸುಮಾರು 25 ಕೆ.ಜಿ., ನಮ್ಮ ಮನೆಗೆ ಬರುವ ಅಕ್ಕಿ ಮೂಟೆಯಷ್ಟು! 1962ರಲ್ಲಿ ಬಂದ ಲೋಟಸ್ 25 ರೇಸ್ ಕಾರಿನಲ್ಲಿ ಕೊಳವೆಗಳೂ ಹೋದವು. ಎರಡು ಬದಿಗೆ ಅಲ್ಯೂಮಿನಿಯಂ ತಗಡಿನ ಉದ್ದ ಪೆಟ್ಟಿಗೆಗಳು, ಅವುಗಳೊಳಗೆ ಪೆಟ್ರೋಲ್, ನಡುವೆ ಹೆಚ್ಚುಕಡಿಮೆ ಮಲಗಿದಂತೆ ಚಾಲಕ. ಹಿಂದಿನ ಕೊಳವೆ ಚೌಕಟ್ಟಿಗೆ ಹೋಲಿಸಿದರೆ ಇದರ ತೂಕ ಅರ್ಧದಷ್ಟು, ತಿರುಚುವಿಕೆಯನ್ನು ತಡೆಯುವ ಬಿಗಿತ ಸುಮಾರು ಮೂರು ಪಟ್ಟು. ಜಿಮ್ ಕ್ಲಾರ್ಕ್ 1963ರಲ್ಲಿ ಇದೇ ಕಾರಿನಲ್ಲಿ ಹತ್ತರಲ್ಲಿ ಏಳು ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದರು. 1967ರ ಲೋಟಸ್ 49ರಲ್ಲಿ ಎಂಜಿನ್ ಹೊರುವ ಹಿಂದಿನ ಸಬ್‌ಫ್ರೇಮನ್ನೇ ತೆಗೆದುಹಾಕಿದರು. ಎಂಜಿನ್‌ನ ಎರಕದ ಮೈಯೇ ಸಾಕಷ್ಟು ಬಿಗಿಯಾಗಿರುವಾಗ ಅದಕ್ಕೆ ತೊಟ್ಟಿಲು ಏಕೆ? ಎಂಜಿನ್ ನೇರವಾಗಿ ಮುಂಭಾಗಕ್ಕೆ ಬೋಲ್ಟ್ ಆಯಿತು, ಹಿಂದಿನ ಸಸ್ಪೆನ್ಷನ್ ಎಂಜಿನ್ ಮತ್ತು ಗೇರ್‌ಬಾಕ್ಸಿಗೇ ನೇತುಬಿತ್ತು. ಜೂನ್ 4ರಂದು ಹಾಲೆಂಡಿನ ಝಾಂಡ್‌ವೂರ್ಟ್‌ನಲ್ಲಿ ಓಡಿದ ಮೊದಲ ರೇಸಿನಲ್ಲೇ ಕ್ಲಾರ್ಕ್ ಅದನ್ನು ಗೆಲ್ಲಿಸಿದರು.

ಇಲ್ಲಿಯವರೆಗೆ ಓದಿದಾಗ ನಾನು ಚಾಪ್‌ಮನ್‌ರ ಅಭಿಮಾನಿಯೇ ಆಗಿದ್ದೆ. ಮುಂದಿನದು ಓದಿ ಪುಸ್ತಕ ಮುಚ್ಚಿಟ್ಟೆ.

ಬಿಗಿತ ಬೇರೆ, ಬಲ ಬೇರೆ. ಬಾಗದೆ ನಿಲ್ಲುವ ವಸ್ತು ಮುರಿಯದೆ ಉಳಿಯುತ್ತದೆ ಎಂದೇನಿಲ್ಲ. ಚಾಪ್‌ಮನ್ ಪ್ರತಿಯೊಂದು ಭಾಗವನ್ನೂ ಇನ್ನಷ್ಟು ಹಗುರ ಮಾಡುತ್ತಾ ಹೋದರು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅಭ್ಯಾಸದ ವೇಳೆ ಸ್ಟರ್ಲಿಂಗ್ ಮಾಸ್ ಅವರ ಲೋಟಸ್‌ನ ಚಕ್ರ ಕಳಚಿ ಅವರ ಕಾಲುಗಳು ಮುರಿದವು. ಅದೇ ದಿನ ಮೈಕ್ ಟೇಲರ್ ಅವರ ಲೋಟಸ್‌ನ ಸ್ಟಿಯರಿಂಗ್ ಮುರಿಯಿತು, ಅವರು ಕಂಪನಿಯ ಮೇಲೆ ದಾವೆ ಹೂಡಿ ಗೆದ್ದರು. 1969ರಲ್ಲಿ ಬಾರ್ಸಿಲೋನಾದಲ್ಲಿ ರೆಕ್ಕೆ ಮುರಿದು ಅಪಘಾತವಾದ ಮೇಲೆ ಯೋಹೆನ್ ರಿಂಟ್ ಚಾಪ್‌ಮನ್‌ಗೆ ಪತ್ರ ಬರೆದು, ದುರ್ಬಲ ಭಾಗಗಳಿಗೆ ಕೆಲವೇ ಕಿಲೋ ಸೇರಿಸಿ ಎಂದು ಕೇಳಿಕೊಂಡರು. ಮರುವರ್ಷ ಸೆಪ್ಟೆಂಬರ್ 5ರಂದು ಇಟಲಿಯ ಮೊಂಝಾದಲ್ಲಿ ರಿಂಟ್ ತೀರಿಕೊಂಡರು. ಮುಂದಿನ ಬ್ರೇಕಿನ ಶಾಫ್ಟ್ ಮುರಿದು ಕಾರು ಹಿಡಿತ ತಪ್ಪಿತ್ತು, ಸರಿಯಾಗಿ ಕೂರಿಸದ ತಡೆಬೇಲಿ ಪ್ರಾಣ ತೆಗೆಯಿತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಸತ್ತ ರಿಂಟ್‌ಗೇ ಸಂದಿತು. ಪೂರ್ತಿ ತಪ್ಪು ಚಾಪ್‌ಮನ್‌ರದೇ ಎಂದು ನಾನು ಹೇಳಲಾರೆ. ಆದರೆ ಆ ಕೆಲವು ಕಿಲೋಗಳ ಲೆಕ್ಕ ಮನಸ್ಸಿನಿಂದ ಹೋಗುತ್ತಿಲ್ಲ.

ಕೊನೆಯ ವರ್ಷಗಳ ಡಿಲೋರಿಯನ್ ಕಾರಿನ ವ್ಯವಹಾರವೂ ಅವರ ಹೆಸರಿಗೆ ಕಪ್ಪು ಹಚ್ಚಿತು. ಬ್ರಿಟಿಷ್ ಸರ್ಕಾರ ಕೊಟ್ಟ ಹಣದಲ್ಲಿ ಲಕ್ಷಾಂತರ ಪೌಂಡ್ ಮಾಯವಾಗಿ, ಲೋಟಸ್‌ನ ಹಣಕಾಸು ನೋಡುತ್ತಿದ್ದವರು 1992ರಲ್ಲಿ ಜೈಲಿಗೆ ಹೋದರು. ಅಷ್ಟರಲ್ಲಿ ಚಾಪ್‌ಮನ್ ಇರಲಿಲ್ಲ. 1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾಗಿದ್ದರು. ಅದೇ ದಿನ ಅವರ ತಂಡ ಸ್ನೆಟರ್ಟನ್ ಟ್ರ್ಯಾಕಿನಲ್ಲಿ ಆಕ್ಟಿವ್ ಸಸ್ಪೆನ್ಷನ್ ಇರುವ ಕಾರನ್ನು ಪರೀಕ್ಷಿಸುತ್ತಿತ್ತು.

ಇದೆಲ್ಲ ಹೇಳಿದಾಗ ಮಾಮು ಸುಮ್ಮನೆ ಕೇಳಿಸಿಕೊಂಡು, ರಿಂಟ್‌ಗೆ ಮಕ್ಕಳಿದ್ದರಾ ಎಂದು ಮಾತ್ರ ಕೇಳಿದರು. ಒಬ್ಬಳು ಮಗಳು, ಆಗ ಎರಡು ವರ್ಷದವಳು. ಕೆಂಪು ಸರಳು ಇನ್ನೂ ಗ್ಯಾರೇಜಿನ ಗೋಡೆಗೆ ಒರಗಿದೆ. ಹುಡುಗ ವೆಲ್ಡಿಂಗಿಗೆ ಹಣ ಹೊಂದಿಸುತ್ತಿದ್ದಾನೆ.