ತಾಳದ ದಾರಿಯಲ್ಲಿ ಬೆಳಕು ಕಂಡವರು: ಗಾನಯೋಗಿ ಪಂಚಾಕ್ಷರಿ ಗವಾಯಿಗಳು



ಶ್ರಾವಣ ಸೋಮವಾರದ ಭಜನೆಯಲ್ಲಿ ನಾವೆಲ್ಲ ಕಾಣುವ ನೋಟವೊಂದಿದೆ. ಚಿಕ್ಕ ಮಕ್ಕಳು ಉತ್ಸಾಹದಿಂದ ಚಪ್ಪಾಳೆ ಹಾಕುತ್ತಾರೆ. ಹಾಡು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಚಪ್ಪಾಳೆ ಮುಂದೆ ಓಡಿರುತ್ತದೆ. ಹಿರಿಯರು ಗದರಿದರೆ ಮಕ್ಕಳು ಕೈ ಕಟ್ಟಿ ಹಿಂದೆ ಹೋಗಿ ಕೂಡುತ್ತಾರೆ. ಮುಂದಿನ ವಾರ ಅವರು ಬರುವುದಿಲ್ಲ. ಗದರುವ ನಾವು ಅವರಿಗೆ ತಾಳ ಕಲಿಸಿದ್ದೇವೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡಾಗ ನಮಗೆ ನೆನಪಾಗುವವರು ಗದುಗಿನ ಪೂಜ್ಯ ಪಂಚಾಕ್ಷರಿ ಗವಾಯಿಗಳು.

ಗವಾಯಿಗಳು 1892ರ ಫೆಬ್ರುವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಸಹೋದರನೂ ಅಂಧನೇ. ಆ ಕಾಲದಲ್ಲಿ ಬಡ ಮನೆಯ ಕುರುಡು ಮಗುವಿಗೆ ಭಿಕ್ಷೆಯ ಹೊರತು ಬೇರೆ ಜೀವನೋಪಾಯವನ್ನು ಯಾರೂ ಯೋಚಿಸುತ್ತಿರಲಿಲ್ಲ. ಆದರೆ ಈ ಬಾಲಕರ ಕಂಠವನ್ನು ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಗುರುತಿಸಿದರು. 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾತ್ಮರ ಆಶ್ರಯದಲ್ಲಿ ಗದಿಗೆಯ್ಯನವರ ಸಂಗೀತ ಸಾಧನೆ ಬೆಳೆಯಿತು. ಕರ್ನಾಟಕ ಪದ್ಧತಿಯನ್ನು ಅಭ್ಯಾಸ ಮಾಡಿದ ಅವರು ಹಿಂದೂಸ್ತಾನಿಯನ್ನು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಾಹಿದ್ ಖಾನರಲ್ಲಿ ಕಲಿತರು. ಜಂಗಮ ಮನೆತನದ ಶಿಷ್ಯ, ಮುಸಲ್ಮಾನ ಗುರು. ವಿದ್ಯೆಗೆ ಅದು ಅಡ್ಡಿಯಾಗಲಿಲ್ಲ.

ಇಷ್ಟು ವಿದ್ಯೆ ಕೈಗೂಡಿದವರು ಹಣ, ಬಿರುದು ಗಳಿಸಿ ಸುಖವಾಗಿರಬಹುದಿತ್ತು. ಗವಾಯಿಗಳು ಬ್ರಹ್ಮಚಾರಿಗಳಾಗಿಯೇ ಉಳಿದು, ತಮ್ಮಂತೆ ಕಣ್ಣಿಲ್ಲದ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಪಾಠ ಆರಂಭಿಸಿದರು. ಬಹುಕಾಲ ಅವರ ಪಾಠಶಾಲೆಗೆ ಒಂದು ಊರು ಎಂಬುದಿರಲಿಲ್ಲ. ಶಿಷ್ಯರೊಡನೆ ಊರೂರು ಸಂಚರಿಸುತ್ತಿದ್ದರು. ಭಕ್ತರು ಕೊಟ್ಟ ಜೋಳವೇ ಅವರ ಅನ್ನ. ಶುಲ್ಕವೆಂಬುದಿರಲಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದರೆ ಖರ್ಚಿನ ಕಡೆಯೇ ತುಂಬುವ ಕೆಲಸವದು. ಅದರ ಜಮೆ ನಾಡಿಗೆಲ್ಲ ದೊರಕಿತು.

ಅಂಧ ಮಗುವಿಗೆ ತಾಳ ಕಲಿಸುವುದು ಎಷ್ಟು ಸೂಕ್ಷ್ಮದ ಕೆಲಸವೆಂಬುದನ್ನು ನಾವು ತಿಳಿಯಬೇಕು. ತೀನತಾಲಕ್ಕೆ 16 ಮಾತ್ರೆ, ನಾಲ್ಕು ನಾಲ್ಕರ 4 ಭಾಗ. 1, 5, 13ನೆಯ ಮಾತ್ರೆಗಳಿಗೆ ಚಪ್ಪಾಳೆ. 9ನೆಯದು ಖಾಲಿ, ಅಲ್ಲಿ ಕೈಯನ್ನು ಪಕ್ಕಕ್ಕೆ ಬೀಸುತ್ತಾರೆ. ಕಣ್ಣಿರುವ ಮಗು ನೋಡಿ ಕಲಿಯುತ್ತದೆ. ಕಣ್ಣಿಲ್ಲದ ಮಗುವಿಗೆ ಬೀಸಿದ ಕೈ ಕಾಣುವುದಿಲ್ಲ. ಆದರೆ ಖಾಲಿಯ ಭಾಗದಲ್ಲಿ ಧಿಂ ಇದ್ದದ್ದು ತಿಂ ಆಗುತ್ತದೆ, ಎಡಗೈಯ ಡಗ್ಗಾದ ಗಂಭೀರ ನಾದ ನಿಲ್ಲುತ್ತದೆ. ಆ ಬದಲಾವಣೆಯನ್ನು ಕಿವಿ ಹಿಡಿಯಬೇಕು. ಹಿಡಿದ ಮಗು ಮುಂದೆ ತಾಳ ತಪ್ಪುವುದು ಅಪರೂಪ. ಆವರ್ತ ಮುಗಿದು ಮತ್ತೆ ಮೊದಲ ಮಾತ್ರೆಗೆ ಬಂದು ಸೇರುವುದೇ ಸಮ. ನಮ್ಮ ವ್ಯಾಪಾರಸ್ಥರು ಕಾಳು ಅಳೆಯುವಾಗ ಒಂದು ಎನ್ನದೆ ಲಾಭ ಎಂದು ಎಣಿಕೆ ತೊಡಗುತ್ತಾರಲ್ಲ, ಸಮವೂ ಹಾಗೆಯೇ. ಅಲ್ಲಿಂದಲೇ ಎಣಿಕೆ, ಅಲ್ಲಿಗೇ ಹಾಡಿನ ಲಾಭ.

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ಗವಾಯಿಗಳ ಶಿಷ್ಯ, ಇನ್ನೂ ಹರೆಯದ ಬಸವರಾಜ ರಾಜಗುರು ಹಾಡಿದರು. ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳೇ. ಹಾಡುವ ಗೌರವವನ್ನು ಶಿಷ್ಯನಿಗೆ ಕೊಟ್ಟು, ಅವನು ಎಡವದಂತೆ ತಾಳ ಹಿಡಿಯುವ ಹೊಣೆಯನ್ನು ಗುರುವೇ ಹೊತ್ತರು. ಅವರ ಬಾಳನ್ನೆಲ್ಲ ಈ ಒಂದು ಪ್ರಸಂಗದಲ್ಲಿ ಕಾಣಬಹುದೆಂದು ನಮಗೆ ಅನಿಸುತ್ತದೆ.

1942ರಲ್ಲಿ ದಾನಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮಕ್ಕೆ ನೆಲೆ ದೊರೆಯಿತು. ಎರಡೇ ವರ್ಷಗಳಲ್ಲಿ, 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಭಾರವನ್ನು ಹೊತ್ತವರು ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಹಾಡುಗಾರಿಕೆಯ ಜೊತೆಗೆ ಹಲವು ವಾದ್ಯಗಳನ್ನು ಬಲ್ಲ ಅವರು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಕೆಲಸವನ್ನು ನಡೆಸಿದರು. ಜಾತಿ ಕೇಳದೆ ಅನ್ನ, ವಸತಿ, ವಿದ್ಯೆ ನೀಡಿದ ಆ ಆಶ್ರಮದಿಂದ ಹೊರಬಂದವರು ಎಷ್ಟೋ ಊರುಗಳಲ್ಲಿ ಸಂಗೀತ ಶಿಕ್ಷಕರಾದರು. ಭಿಕ್ಷೆಗೆ ಚಾಚಬೇಕಾಗಿದ್ದ ಕೈಗಳು ತಬಲಾ, ಹಾರ್ಮೋನಿಯಂ ನುಡಿಸಿ ತಮ್ಮ ಅನ್ನ ತಾವೇ ದುಡಿದವು.

ಗಡಿಯಾಚೆ ಇರುವ ನಾವು ಇದರಿಂದ ಕಲಿಯಬೇಕಾದದ್ದಿದೆ. ಮರಾಠಿ, ತೆಲುಗು ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಅಕ್ಷರ ಓದಲು ತಡವರಿಸುತ್ತಾರೆ. ವಚನದ ಪುಸ್ತಕ ಕೈಗೆ ಕೊಟ್ಟರೆ ನಾಚುತ್ತಾರೆ. ತಾಳಕ್ಕೆ ಅಕ್ಷರ ಬೇಡ. ಗವಾಯಿಗಳ ಅಂಧ ಶಿಷ್ಯರು ಪುಸ್ತಕ ನೋಡಿ ಕಲಿತವರಲ್ಲ, ಕೇಳಿ ಕಲಿತವರು. ನಮ್ಮ ಮಕ್ಕಳೂ ಮೊದಲು ತಾಳದ ಬಾಗಿಲಿನಿಂದ ವಚನದ ಒಳಗೆ ಬರಲಿ, ಅಕ್ಷರ ಆಮೇಲೆ ಬರುತ್ತದೆ.

ಆದಕಾರಣ ಪ್ರತಿ ಊರಿನ ಭಕ್ತರಲ್ಲಿ ನಮ್ಮ ವಿನಂತಿ. ಸೋಮವಾರ ಭಜನೆಗೆ ಮೊದಲು ಅರ್ಧ ತಾಸು ಮಕ್ಕಳನ್ನು ಮುಂದೆ ಕೂಡಿಸಿರಿ. 8 ಮಾತ್ರೆಯ ಕೇರವಾದಿಂದ ಆರಂಭಿಸಿರಿ. ಧಾ ಗೆ ನ ತಿ, ನ ಕ ಧಿ ನ ಎಂದು ಮೊದಲು ಬಾಯಲ್ಲಿ ಹೇಳಿಸಿರಿ, ಆಮೇಲೆ ಚಪ್ಪಾಳೆ ಹಾಕಿಸಿರಿ. ನಿಧಾನವಾಗಿ ಹೇಳಿಸಿರಿ, ಅವಸರ ಬೇಡ. ಬಾಯಿಗೆ ಬಂದದ್ದು ಕೈಗೆ ಬಂದೇ ಬರುತ್ತದೆ. ಮಗು ತಪ್ಪಿದರೆ ಗದರದೆ, ಹಂಪಿಯಲ್ಲಿ ಶಿಷ್ಯನಿಗಾಗಿ ತಬಲಾ ಮುಂದೆ ಕುಳಿತ ಗುರುವನ್ನು ನೆನೆದು, ನೀವೇ ತಾಳ ಹಿಡಿಯಿರಿ.